ಮಗಳ ಪರೀಕ್ಷೆ

ಪರೀಕ್ಷೆಯೆಂಬುದು ದಡಾರದಂಥ ಒಂದು ಬೇನೆಯೆಂದು ನಾನು ಬಹುಕಾಲ ತಿಳಿದುಕೊಂಡಿದ್ದೆನು. ಎಳೆಯ ವಯಸ್ಸಿನಲ್ಲಿ ಒಮ್ಮೆ ಬಂದು ಮೈಯನ್ನು ಬೇಯಿಸಿ ಹೋಯಿತೆಂದರೆ ಮತ್ತೆ ಬಾರದು. ನಾನು ವೈದ್ಯಕೀಯದ ಕೊನೆಯ ಪರೀಕ್ಷೆಗೆ ಕುಳಿತದ್ದು ೧೯೮೫ನೆಯ ಇಸವಿಯಲ್ಲಿ. ಆ ಬಳಿಕದ ಆಯುಸ್ಸನ್ನೆಲ್ಲ ಮಲೆನಾಡಿನ ಒಂದು ತಾಲ್ಲೂಕಿನ ಊರಿನಲ್ಲಿ ಜ್ವರ, ಕೆಮ್ಮು, ಹೆರಿಗೆ, ಹಾವಿನ ಕಡಿತಗಳ ನಡುವೆ ಕಳೆದವನಿಗೆ, ಅರುವತ್ತು ದಾಟಿದ ಮೇಲೆ ಮತ್ತೊಂದು ಪರೀಕ್ಷೆ ಬಾಗಿಲು ತಟ್ಟೀತೆಂದು ಹೇಗೆ ತಿಳಿಯಬೇಕು? ಅದು ಬಂದದ್ದು ನನ್ನ ಮಗಳ ಹೆಸರಿಗೆ. ಆದರೆ ಉತ್ತರ ಹೇಳಬೇಕಾದವರಲ್ಲಿ ನಾನೂ ಒಬ್ಬನೆಂಬುದು ಕೆಲವು ತಿಂಗಳುಗಳ ಮೇಲೆ ಗೊತ್ತಾಯಿತು.

ಮಗಳು ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷದ ಹೌಸ್ ಸರ್ಜನ್ ಕೆಲಸವನ್ನೂ ಪೂರೈಸಿ, ೨೦೨೨ರ ಕೊನೆಯಲ್ಲಿ ಮನೆಗೆ ಬಂದಳು. ಅಮೆರಿಕಾಕ್ಕೆ ಹೋಗಿ ಮೇಲಿನ ಶಿಕ್ಷಣವನ್ನು ಪಡೆಯಬೇಕೆಂಬುದು ಅವಳ ಬಯಕೆ. ಹೊರನಾಡಿನಲ್ಲಿ ಓದಿದ ವೈದ್ಯನು ಆ ದೇಶದಲ್ಲಿ ತರಬೇತು ಪಡೆದು ವೃತ್ತಿಯನ್ನು ನಡೆಸಬೇಕಾದರೆ ಯು.ಎಸ್.ಎಂ.ಎಲ್.ಇ. ಎಂಬ ಪರೀಕ್ಷೆಯ ಮೆಟ್ಟಿಲುಗಳನ್ನು ಹತ್ತಬೇಕು. ೧೯೧೫ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ವೈದ್ಯ ಪರೀಕ್ಷಕ ಮಂಡಲಿಯೂ, ಸಂಸ್ಥಾನಗಳ ವೈದ್ಯ ಮಂಡಲಿಗಳ ಒಕ್ಕೂಟವೂ ಕೂಡಿ ೧೯೯೨ರಲ್ಲಿ ಇದನ್ನು ಆರಂಭಿಸಿದವು. ಮೆಟ್ಟಿಲುಗಳು ಮೂರು. ಮೊದಲನೆಯದು ಮೂಲವಿಜ್ಞಾನಗಳದು: ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗವಿಜ್ಞಾನ, ಔಷಧವಿಜ್ಞಾನ, ಸೂಕ್ಷ್ಮಜೀವಿಗಳ ಶಾಸ್ತ್ರ ಮೊದಲಾದುವು. ನಮ್ಮ ಕಡೆಯ ಹುಡುಗರು ಕಾಲೇಜಿನ ಮೊದಲ ವರ್ಷಗಳಲ್ಲಿಯೇ ಓದಿ, ಉತ್ತೀರ್ಣರಾಗಿ, ನೆಮ್ಮದಿಯಿಂದ ಮರೆತುಬಿಡುವ ವಿದ್ಯೆಗಳಿವು.

ಅವಳು ಪರೀಕ್ಷೆಗೆ ಕುಳಿತ ೨೦೨೩ರಲ್ಲಿ ಇದ್ದ ಕ್ರಮ ಹೀಗೆ: ಒಂದೇ ದಿನ, ಎಂಟು ಗಂಟೆಗಳು, ಒಂದೊಂದು ಗಂಟೆಯ ಏಳು ಭಾಗಗಳು, ಭಾಗಕ್ಕೆ ನಲವತ್ತನ್ನು ಮೀರದಂತೆ ಒಟ್ಟು ೨೮೦ರವರೆಗೆ ಪ್ರಶ್ನೆಗಳು. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಹಿಂದೆ ಇದಕ್ಕೆ ಮೂರಂಕಿಯ ಅಂಕವೊಂದನ್ನು ಕೊಡುತ್ತಿದ್ದರು. ಆ ಅಂಕದ ಮೇಲೆಯೇ ಎಷ್ಟೋ ಮಂದಿಯ ಹಣೆಬರಹ ನಿಂತಿದ್ದಿತು. ೨೦೨೨ರ ಜನವರಿಯ ಕೊನೆಯಿಂದ ಅದನ್ನು ತೆಗೆದುಹಾಕಿ, ತೇರ್ಗಡೆ ಅಥವಾ ನಪಾಸು ಎಂಬ ಎರಡೇ ಮಾತುಗಳನ್ನು ಉಳಿಸಿದರು. ‘ಹಾಗಾದರೆ ಹಗುರವಾಯಿತಲ್ಲ’ ಎಂದು ನಾನು ಹೇಳಿದೆನು. ಮಗಳು ನಕ್ಕಳು. ನಪಾಸಾದರೆ ಆ ಮಾತು ಕಡೆಯವರೆಗೂ ದಾಖಲೆಯಲ್ಲಿ ಉಳಿಯುವುದು; ೨೦೨೧ರಲ್ಲಿ ಮಾಡಿದ ಕಟ್ಟಳೆಯಂತೆ ನಾಲ್ಕು ಸಾರಿಗಿಂತ ಹೆಚ್ಚಾಗಿ ಕುಳಿತುಕೊಳ್ಳಲಾಗದು; ಶುಲ್ಕವೂ ಹೊರದೇಶದ ಹೆಚ್ಚುವರಿಯೂ ಸೇರಿದರೆ ಒಂದು ಸಾವಿರ ಡಾಲರಿಗೆ ಮೇಲಾಗುವುದು. ಇದನ್ನೆಲ್ಲ ಕೇಳಿದ ಮೇಲೆ ಹಗುರವೆಂಬ ಮಾತನ್ನು ನಾನು ಮತ್ತೆ ಆಡಲಿಲ್ಲ.

ಮಹಡಿಯ ಕೋಣೆ ಅವಳ ಓದಿನ ಮನೆಯಾಯಿತು. ಗೋಡೆಯ ತುಂಬ ಕಾಗದಗಳು: ರಕ್ತ ಹೆಪ್ಪುಗಟ್ಟುವ ಬಗೆ, ತೋಳಿನ ನರಗಳ ಜಡೆ, ಮೂತ್ರಪಿಂಡದ ನಾಳಗಳು. ‘ಫಸ್ಟ್ ಏಡ್’ ಎಂಬ ದಪ್ಪನೆಯ ಪುಸ್ತಕವೊಂದು ಅವಳಿಗೆ ಪಾರಾಯಣ ಗ್ರಂಥವಾಯಿತು. ಕಂಪ್ಯೂಟರಿನಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟ ಅಭ್ಯಾಸದ ಪ್ರಶ್ನೆಗಳಿದ್ದ ಭಂಡಾರವಿದ್ದಿತು. ಒಂದೊಂದು ಪ್ರಶ್ನೆಯೂ ಒಂದು ಪುಟ್ಟ ಕಥೆ. ಇಷ್ಟು ವಯಸ್ಸಿನ ಹೆಂಗಸು, ಇಂಥ ತೊಂದರೆ, ನಾಡಿ ಇಷ್ಟು, ರಕ್ತ ಹೀಗಿದೆ ಎಂದು ಹೇಳಿಕೊಂಡು ಹೋಗಿ, ರೋಗವಾವುದೆಂದು ಕೇಳುವರೆಂದು ನಾವು ಕಾದಿದ್ದರೆ, ಕೇಳುವುದು ಬೇರೆಯದನ್ನೇ: ಸೋತಿರುವ ಕಿಣ್ವ ಯಾವುದು, ಕೆಟ್ಟಿರುವ ನರ ಎಲ್ಲಿಂದ ಹೊರಟಿತು ಎಂದು. ರೋಗವನ್ನು ಮನಸ್ಸಿನಲ್ಲಿಯೇ ಗುರುತಿಸಿಕೊಂಡು ಅದರ ಬೇರಿಗೆ ಇಳಿಯಬೇಕು.

ಇದು ನನಗೆ ವಿನೋದವಾಗಿ ಕಂಡಿತು. ‘ಅಮ್ಮಣ್ಣಿ, ಮೂವತ್ತೆಂಟು ವರ್ಷಗಳಲ್ಲಿ ಯಾವ ರೋಗಿಯೂ ನನ್ನ ಬಳಿಗೆ ಬಂದು ಕ್ರೆಬ್ಸ್ ಚಕ್ರದ ಮೂರನೆಯ ಹೆಜ್ಜೆ ಯಾವುದೆಂದು ಕೇಳಲಿಲ್ಲ’ ಎಂದು ಹಾಸ್ಯ ಮಾಡಿದೆನು. ಕಮಾನನ್ನು ಕಟ್ಟುವಾಗ ಅಡಿಯಲ್ಲಿ ಮರದ ಚೌಕಟ್ಟನ್ನು ಇಡುವರು. ಕಲ್ಲು ಕೂತ ಮೇಲೆ ಚೌಕಟ್ಟನ್ನು ತೆಗೆದು ಒಲೆಗೆ ಹಾಕುವರು. ಮೂಲವಿಜ್ಞಾನವೂ ಹಾಗೆಯೇ ಎಂಬುದು ನನ್ನ ವಾದ. ಅವಳು ಎದುರು ವಾದಿಸಲಿಲ್ಲ. ‘ಆಗಲಿ ಅಪ್ಪ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ನೀವೇ ನನಗೆ ಪ್ರಶ್ನೆ ಕೇಳಿ’ ಎಂದಳು. ಹೀಗೆ ನಾನು ಪರೀಕ್ಷಕನಾದೆನು.

ಮೊದಮೊದಲು ನನಗೆ ನಾಚಿಕೆಯಾಯಿತು. ಪ್ರಶ್ನೆಯನ್ನು ಓದಲು ಕೂಡ ಬಾಯಿ ತೊಡರುತ್ತಿದ್ದಿತು. ಬರಬರುತ್ತ ಹಳೆಯ ಮನೆಯ ಅಟ್ಟವನ್ನು ಹತ್ತಿದಂತಾಯಿತು. ಧೂಳನ್ನು ಕೊಡಹಿದರೆ ಪರಿಚಯದ ಪಾತ್ರೆಗಳೇ. ನೆನಪಿಗೆ ಕಟ್ಟುಹಾಕುವ ಕಲೆಯಲ್ಲಿ ನಮ್ಮವರು ಯಾರಿಗೂ ಕಡಮೆಯಲ್ಲವಷ್ಟೆ. ಎಂಟು ಗಣಗಳನ್ನು ‘ಯಮಾತಾರಾಜಭಾನಸಲಗಂ’ ಎಂಬ ಒಂದೇ ಉಸಿರಿನಲ್ಲಿ ಹಿಡಿದಿಟ್ಟವರು ನಾವು. ಸಕ್ಕರೆಯು ದೇಹದಲ್ಲಿ ಒಡೆದು ಪೈರುವೇಟ್ ಆದ ಮೇಲೆ, ಅದನ್ನು ಕ್ರೆಬ್ಸ್ ಚಕ್ರದ ಕಡೆಗೆ ದಾಟಿಸುವ ಕಿಣ್ವವೊಂದುಂಟು: ಪೈರುವೇಟ್ ಡಿಹೈಡ್ರೋಜಿನೇಸ್. ಅದಕ್ಕೆ ಐವರು ಸಹಾಯಕರು: ಥಯಮಿನ್, ಲಿಪೋಯಿಕ್ ಆಮ್ಲ, ಕೋ-ಎನ್ಜೈಮ್ ಎ, ಎಫ್.ಎ.ಡಿ., ಎನ್.ಎ.ಡಿ. ಇವರನ್ನು ನೆನಪಿಡಲು ಮಗಳು ಇಂಗ್ಲಿಷಿನ ಯಾವುದೋ ವಾಕ್ಯವನ್ನು ಮಣಮಣನೆ ಜಪಿಸುತ್ತಿದ್ದಳು. ವೀಳ್ಯದೆಲೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ನನ್ನ ಹೆಂಡತಿ, ಮೊದಲಕ್ಷರಗಳನ್ನು ಕೇಳಿ ತಿಳಿದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ‘ಥಾಲಿ ಕೊಟ್ಟ ಫಣಿಯಪ್ಪ ನಕ್ಕ’ ಎಂದಳು. ಥಾ, ಲಿ, ಕೊ, ಫ, ನ: ಐವರೂ ಬಂದರು! ಆ ರಾತ್ರಿ ನಾವು ಮೂವರೂ ನಕ್ಕದ್ದನ್ನು ನೆನೆದರೆ ಈಗಲೂ ಸಂತೋಷವಾಗುವುದು.

ಈ ಐವರಲ್ಲಿ ಮೊದಲನೆಯವನ ಕಥೆಯೇ ಒಂದು ಪುರಾಣ. ಮಗಳಿಗೆ ಅದನ್ನು ಹೇಳುವ ಹುಮ್ಮಸ್ಸಿನಲ್ಲಿ ನಾನು ಹಳೆಯ ಪುಸ್ತಕಗಳನ್ನು ಹುಡುಕಿ ತೆಗೆದೆನು. ಜಾವಾ ದ್ವೀಪದಲ್ಲಿ ಡಚ್ಚರ ವೈದ್ಯನಾಗಿದ್ದ ಐಕ್‌ಮನ್ ಎಂಬಾತನು ೧೮೯೦ರ ದಶಕದಲ್ಲಿ, ನಯಗೊಳಿಸಿದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಉಳಿದಿರುವ ಅಕ್ಕಿಯನ್ನು ಕೊಟ್ಟರೆ ಎದ್ದು ನಡೆಯುವುದನ್ನೂ ಕಂಡನು. ಮನುಷ್ಯರಲ್ಲಿ ಬೆರಿಬೆರಿಯೆಂದು ಹೆಸರಾದ ರೋಗದ ಗುಟ್ಟು ತೌಡಿನಲ್ಲಿದ್ದಿತು. ೧೯೨೬ರಲ್ಲಿ ಯಾನ್ಸನ್ ಮತ್ತು ಡೊನಾತ್ ಎಂಬವರು ಆ ಸತ್ತ್ವವನ್ನು ಹರಳಾಗಿ ಬೇರ್ಪಡಿಸಿದರು. ೧೯೩೬ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದ ರಾಬರ್ಟ್ ವಿಲಿಯಮ್ಸನು ಅಮೆರಿಕನ್ ಪಾದ್ರಿಗಳ ಮಗ. ಹುಟ್ಟಿದುದು ೧೮೮೬ರಲ್ಲಿ, ನಮ್ಮ ನೆರೆಯ ನೆಲ್ಲೂರಿನಲ್ಲಿ! ಇತ್ತ ಆಕ್ಸ್‌ಫರ್ಡಿನಲ್ಲಿ ರುಡಾಲ್ಫ್ ಪೀಟರ್ಸ್ ಎಂಬ ವಿದ್ವಾಂಸನು, ಥಯಮಿನ್ ಇಲ್ಲದೆ ಸೊರಗಿದ ಪಾರಿವಾಳದ ಮಿದುಳು ಪೈರುವೇಟನ್ನು ಉರಿಸಲಾರದೆ ಸೋಲುವುದನ್ನೂ, ಗಾಜಿನ ಪಾತ್ರೆಯಲ್ಲಿರುವ ಅದೇ ಮಿದುಳಿಗೆ ಈ ಜೀವಸತ್ತ್ವವನ್ನು ಬೆರಸಿದರೆ ಚೇತರಿಸುವುದನ್ನೂ ತೋರಿಸಿದನು. ಕಣ್ಣಿಗೆ ಕಾಣುವ ಗಾಯವಿಲ್ಲ, ರಸಾಯನದಲ್ಲಿಯೇ ಗಾಯ.

ನಮ್ಮ ಅಜ್ಜಿಯ ಕಾಲದಲ್ಲಿ ಭತ್ತವನ್ನು ಒನಕೆಯಿಂದ ಕುಟ್ಟುತ್ತಿದ್ದರು. ಆ ಕೊಟ್ಟಣದಕ್ಕಿಯಲ್ಲಿ ತೌಡಿನ ಅಂಶ ಉಳಿಯುತ್ತಿದ್ದಿತು. ಕರಾವಳಿಯ ಕುಚ್ಚಲಕ್ಕಿಯಲ್ಲಿಯೂ ಅಷ್ಟೆ. ಭತ್ತವನ್ನು ಬೇಯಿಸುವಾಗ ಹೊರಪದರದ ಥಯಮಿನ್ ಕಾಳಿನ ಒಳಕ್ಕೆ ಇಳಿಯುವುದು. ಗಿರಣಿ ಬಂದಿತು, ಅಕ್ಕಿ ಮಲ್ಲಿಗೆಯಂತಾಯಿತು, ತೌಡು ದನಗಳ ಪಾಲಾಯಿತು. ಇದನ್ನೆಲ್ಲ ನಾನು ಸ್ವಾರಸ್ಯವಾಗಿ ಹೇಳಿದೆನು. ಹೇಳುವಾಗ ನನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿಯೇ ಇದ್ದಿತು.

ಜೂನ್ ತಿಂಗಳ ಒಂದು ರಾತ್ರಿ. ಹೊರಗೆ ಮುಂಗಾರು ಮಳೆ. ಅಂದು ಪ್ರಶ್ನೆಗಳನ್ನು ಅವಳೇ ಓದುತ್ತಿದ್ದಳು. ಒಂದು ಪ್ರಶ್ನೆಯ ಸಾರ ಇಷ್ಟು: ಎಳೆಯ ಹೆಂಗಸು, ಎರಡೂವರೆ ತಿಂಗಳ ಬಸುರಿ, ವಾರಗಟ್ಟಲೆ ವಾಂತಿ, ಏನೂ ತಿಂದಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟರು. ಮರುದಿನ ಅವಳ ಮಾತು ತಪ್ಪಿತು, ಕಣ್ಣಾಲಿಗಳು ಅದುರಿದವು, ನಿಲ್ಲಿಸಿದರೆ ಓಲಾಡಿ ಬಿದ್ದಳು. ರಕ್ತಕಣಗಳಲ್ಲಿ ಯಾವ ಕಿಣ್ವದ ಶಕ್ತಿ ಕುಂದಿರುವುದು?

‘ಟ್ರಾನ್ಸ್‌ಕೀಟೊಲೇಸ್’ ಎಂದು ತಾನೇ ಉತ್ತರ ಹೇಳಿ, ಮಗಳು ಎಂದಿನಂತೆ ವಿವರಿಸತೊಡಗಿದಳು. ದೇಹದಲ್ಲಿ ಥಯಮಿನ್ನಿನ ಕೂಡಿಟ್ಟ ಗಂಟು ಎರಡು ಮೂರು ವಾರಗಳಿಗಷ್ಟೇ ಸಾಲುವುದು. ವಾಂತಿಯಿಂದ ಅದು ಬರಿದಾಗಿದೆ. ಅಂಥ ಹೊತ್ತಿನಲ್ಲಿ ಗ್ಲೂಕೋಸನ್ನು ಮಾತ್ರ ಸುರಿದರೆ, ಕೀಲಿಕೈ ಕಳೆದ ಮನೆಯ ಮುಂದೆ ನೆಂಟರ ಬಂಡಿಗಳನ್ನು ತಂದು ನಿಲ್ಲಿಸಿದಂತೆ. ಅಳಿದುಳಿದ ಥಯಮಿನ್ನೂ ಮುಗಿಯುವುದು; ಮಿದುಳಿನ ತಳದ ಕೆಲವು ಭಾಗಗಳು ಉರುವಲಿದ್ದೂ ಬೆಂಕಿಯಿಲ್ಲದೆ ಸಾಯುವುವು. ಕಾರ್ಲ್ ವೆರ್ನಿಕೆ ಎಂಬ ವೈದ್ಯನು ೧೮೮೧ರಲ್ಲಿಯೇ ಇದನ್ನು ಮೂವರಲ್ಲಿ ವರ್ಣಿಸಿದ್ದನು. ಇಬ್ಬರು ಮದ್ಯಪಾನಿಗಳು, ಮೂರನೆಯವಳು ವಾಂತಿಯಿಂದ ಬಳಲಿದ ಒಬ್ಬ ಯುವತಿ. ‘ಆದ್ದರಿಂದ ಮೊದಲು ಥಯಮಿನ್, ಆಮೇಲೆ ಗ್ಲೂಕೋಸ್’ ಎಂದು ಮುಗಿಸಿ ಅವಳು ತಲೆಯೆತ್ತಿದಳು. ನಾನು ನಿದ್ದೆ ಬರುತ್ತಿದೆಯೆಂದು ಹೇಳಿ ಎದ್ದೆನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

೧೯೯೧ನೆಯ ಇಸವಿಯ ಶ್ರಾವಣ. ಆಗ ನಾನು ನಮ್ಮೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸದಲ್ಲಿದ್ದೆನು. ಇಪ್ಪತ್ತೆರಡು ವರ್ಷದ ಹೆಂಗಸೊಬ್ಬಳನ್ನು ಅವಳ ಅಣ್ಣನು ಕರೆತಂದನು. ಮೂರು ತಿಂಗಳ ಬಸುರಿ. ಐದು ವಾರಗಳಿಂದ ವಾಂತಿ. ಗಂಜಿಯ ತಿಳಿಯೂ ನಿಲ್ಲದು. ಕೆನ್ನೆ ಒಳಕ್ಕೆ ಹೋಗಿದ್ದರೂ ನಗುಮುಖ. ‘ಡಾಕ್ಟ್ರೇ, ಗೌರಿಹಬ್ಬದ ಹೊತ್ತಿಗೆ ಊಟ ಮಾಡುವ ಹಾಗೆ ಮಾಡಿಕೊಡಿ’ ಎಂದಳು. ನಾನು ಗ್ಲೂಕೋಸಿನ ಸೀಸೆಗಳನ್ನು ತೂಗುಹಾಕಿಸಿದೆನು. ಎರಡು ದಿನ, ಮೂರು ದಿನ. ಮೂರನೆಯ ದಿನ ಅವಳು ನನ್ನನ್ನು ಮಾವನೆಂದು ಕರೆದಳು. ದೃಷ್ಟಿ ಒಂದೆಡೆ ನಿಲ್ಲದು. ಎಬ್ಬಿಸಿ ನಿಲ್ಲಿಸಿದರೆ ಕುಡಿದವರಂತೆ ತೂರಾಡಿದಳು. ಮನೆಯವರು ಗಾಳಿ ಸೋಕಿತೆಂದರು. ನಾನು ಅವರಿಗೆ ಬುದ್ಧಿ ಹೇಳಿದೆನು. ಹೇಳಿ, ನನ್ನ ಪಾಲಿಗೆ ಅದನ್ನು ಹಿಸ್ಟೀರಿಯವೆಂದು ಕರೆದೆನು. ಹೆಸರು ಬೇರೆಯಾದರೂ ಅಜ್ಞಾನ ಒಂದೇ ಅಲ್ಲವೆ? ಮತ್ತೂ ಒಂದು ದಿನ ಗ್ಲೂಕೋಸನ್ನೇ ಕೊಟ್ಟು, ಆಮೇಲೆ ಹೆದರಿ, ದೂರದ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆನು. ಮಗು ಉಳಿಯಲಿಲ್ಲ. ಅವಳು ಉಳಿದಳು, ಆದರೆ ನೆನಪು ಮರಳಲಿಲ್ಲ. ಹಳೆಯದೆಲ್ಲ ಇರುವುದು, ಹೊಸದು ಒಂದೂ ನಿಲ್ಲದು. ಗಂಡನ ಮನೆಯವರು ತವರಿಗೆ ಕಳುಹಿಸಿಬಿಟ್ಟರೆಂದು ಮುಂದೆ ಕೇಳಿದೆನು. ‘ಮಿದುಳಿಗೆ ಏನೋ ಆಯಿತು ಪಾಪ’ ಎಂದು ನಾನೂ ಊರಿನವರಂತೆಯೇ ಮರುಗಿ ಸುಮ್ಮನಾದೆನು.

ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಇದನ್ನು ಮಗಳಿಗೆ ಹೇಳಿದೆನು. ಅವಳು ಒಡನೆ ಸಮಾಧಾನದ ಮಾತನ್ನು ಆಡಲಿಲ್ಲ. ಅದಕ್ಕಾಗಿ ನಾನು ಅವಳಿಗೆ ಕೃತಜ್ಞನು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗ ಅಲ್ಲಿ ಥಯಮಿನ್ ಸಿಕ್ಕುತ್ತಿದ್ದಿತೆ?’ ಎಂದು ಕೇಳಿದಳು.

ಸಿಕ್ಕುತ್ತಿದ್ದಿತು. ಕಪಾಟಿನಲ್ಲಿ ಬಿ ಕಾಂಪ್ಲೆಕ್ಸ್ ಸೂಜಿಮದ್ದಿನ ಗಾಜಿನ ಕೊಳವೆಗಳು ಸಾಲಾಗಿ ಇದ್ದವು. ಸುಸ್ತೆಂದು ಬಂದವರಿಗೆ, ಊರಿನ ಸಾಹುಕಾರರಿಗೆ, ಸೂಜಿ ಚುಚ್ಚದಿದ್ದರೆ ಕೊಟ್ಟ ಹಣ ದಂಡವೆಂದು ತಿಳಿಯುವವರಿಗೆ, ಅಗತ್ಯವಿಲ್ಲದ ಎಲ್ಲರಿಗೂ ಅದನ್ನು ಕೊಡುತ್ತಿದ್ದೆವು. ಬೇಕಾಗಿದ್ದವಳು ಅದೇ ಕಪಾಟಿಗೆ ನಾಲ್ಕು ಮಾರು ದೂರದಲ್ಲಿ ಮಲಗಿದ್ದಳು. ಅದಕ್ಕಿಂತಲೂ ನನ್ನನ್ನು ಬಾಧಿಸಿದ ಸಂಗತಿ ಇನ್ನೊಂದು. ೧೯೮೧ರಲ್ಲಿ ಜೀವರಸಾಯನದ ಪರೀಕ್ಷೆಯಲ್ಲಿ ಥಯಮಿನ್ನಿನ ಕಾರ್ಯವನ್ನು ಕುರಿತು ನಾನು ಎರಡು ಪುಟ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆನು. ವಿದ್ಯೆ ನನ್ನಲ್ಲಿರಲಿಲ್ಲವೆಂದು ಹೇಳುವಂತಿಲ್ಲ. ಅದು ಉತ್ತರಪತ್ರಿಕೆಯಲ್ಲಿ ಇದ್ದಿತು, ರೋಗಿ ಮಂಚದ ಮೇಲೆ ಇದ್ದಳು. ಇಬ್ಬರನ್ನೂ ಪರಸ್ಪರ ಪರಿಚಯ ಮಾಡಿಸಬೇಕಾಗಿದ್ದ ನಾನು, ಚೌಕಟ್ಟನ್ನು ಎಂದೋ ಒಲೆಗೆ ಹಾಕಿದ್ದೆನು.

ಆಮೇಲೆ ಮಗಳು ವೈದ್ಯಳಾಗಿ ಮಾತನಾಡಿದಳು. ಈ ರೋಗದ ಮೂರು ಲಕ್ಷಣಗಳೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ನುರಿತವರ ಕಣ್ಣಿಗೂ ಇದು ಎಷ್ಟೋ ಸಲ ತಪ್ಪುವುದು. ಐದು ವಾರಗಳ ವಾಂತಿಯಿಂದಲೇ ಅದು ಬಂದಿರಲೂಬಹುದು. ಗ್ಲೂಕೋಸೊಂದೇ ಕಾರಣವೆಂದು ಇಂದು ಯಾರೂ ಪ್ರಮಾಣ ಮಾಡಲಾರರು. ರಕ್ತದಲ್ಲಿ ಸಕ್ಕರೆ ತೀರ ಇಳಿದವರಿಗೆ ಗ್ಲೂಕೋಸನ್ನು ತಡೆಹಿಡಿದು ಕಾಯುವುದೂ ಸಲ್ಲದು. ಥಯಮಿನ್ನನ್ನು ಜೊತೆಯಲ್ಲಿಯೇ ಕೊಡಬೇಕು. ಇವೆಲ್ಲವೂ ನಿಜವೆಂದು ನಾನು ಒಪ್ಪಿದೆನು. ‘ಆದರೆ ಕಣ್ಣು ಅದುರಿದ ದಿನ ಕೊಟ್ಟಿದ್ದರೆ?’ ಎಂದು ಕೇಳಿದೆನು. ಅವಳು ಉತ್ತರ ಹೇಳಲಿಲ್ಲ. ಅಂದಿನಿಂದ ಅವಳ ಓದನ್ನು ನಾನು ಹಾಸ್ಯ ಮಾಡಲಿಲ್ಲ. ರಾತ್ರಿಯ ಒಂದು ಗಂಟೆ ಎರಡಾಯಿತು. ಪ್ರತಿಯೊಂದು ಪ್ರಶ್ನೆಯ ಕೊನೆಯಲ್ಲಿ, ‘ಇಂಥವರನ್ನು ನೀವು ಕಂಡಿದ್ದೀರಾ?’ ಎಂದು ಅವಳು ಕೇಳುವಳು. ಕಂಡಿದ್ದರೆ ನಾನು ಹೇಳುವೆನು. ಕಿಣ್ವಗಳಿಗೆ ಹೀಗೆ ಮುಖಗಳು ಬಂದವು.

ಪರೀಕ್ಷೆ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ ನಡೆಯಿತು. ನಾನು ಜೊತೆಗೆ ಹೋಗಿದ್ದೆನು. ಪಾಸ್‌ಪೋರ್ಟನ್ನು ತೋರಿಸಿ, ಜೇಬುಗಳನ್ನು ಹೊರಮಗುಚಿ, ಕೈಗಡಿಯಾರವನ್ನೂ ಬಿಟ್ಟು ಅವಳು ಒಳಗೆ ಹೋದಳು. ನಾನು ಎದುರಿನ ಹೋಟೆಲಿನಲ್ಲಿ ನಾಲ್ಕು ಸಲ ಕಾಫಿ ಕುಡಿದೆನು. ಸಂಜೆ ಹೊರಬಂದವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಎಂಟು ಗಂಟೆಗಳ ಕಾಲ ಗದ್ದೆ ನೆಟ್ಟವರ ಬೆನ್ನಿನಂತೆ ಅವಳ ಮನಸ್ಸು ಬಾಗಿಹೋಗಿದ್ದಿತು. ಫಲಿತಾಂಶಗಳು ಬರುವುದು ಬುಧವಾರಗಳಂದು. ಎರಡು ಬುಧವಾರ ಬರಿದೆ ಕಳೆದು ಮೂರನೆಯ ಬುಧವಾರ ‘ತೇರ್ಗಡೆ’ ಎಂಬ ಒಂದು ಮಾತು ಬಂದಿತು. ಮನೆಯಲ್ಲಿ ಪಾಯಸವಾಯಿತು.

ಮರುವಾರ ನಾನು ಒಬ್ಬನೇ ಆ ಹೆಂಗಸಿನ ತವರೂರಿಗೆ ಹೋದೆನು. ದಾರಿ ಗೊತ್ತಿಲ್ಲದ್ದೇನಲ್ಲ; ಮೂವತ್ತೆರಡು ವರ್ಷ ಅತ್ತ ಕಡೆಗೆ ನಡೆದಿರಲಿಲ್ಲ ಅಷ್ಟೆ. ಅವಳು ಜಗಲಿಯಲ್ಲಿ ಕುಳಿತು ಅಡಕೆ ಆರಿಸುತ್ತಿದ್ದಳು, ತಲೆ ನರೆತಿದ್ದಿತು. ‘ಯಾವೂರಾಯಿತು?’ ಎಂದು ನಗುತ್ತ ಕೇಳಿದಳು. ಹೇಳಿದೆನು. ನಾಲ್ಕು ಅಡಕೆಗಳನ್ನು ಆರಿಸಿ ಮತ್ತೆ ‘ಯಾವೂರಾಯಿತು?’ ಎಂದಳು. ಮತ್ತೆ ಹೇಳಿದೆನು. ಅಣ್ಣನು ತೋಟದಿಂದ ಬಂದನು. ಅವನೊಡನೆ ಅಂದು ನಡೆದುದನ್ನೂ, ನಾನು ಮಾಡದೆ ಬಿಟ್ಟದ್ದನ್ನೂ, ಅವನಿಗೆ ಅರ್ಥವಾಗುವ ಮಾತುಗಳಲ್ಲಿ, ಏನನ್ನೂ ತೇಲಿಸದೆ ಹೇಳಿದೆನು. ಅವನು ಬಹಳ ಹೊತ್ತು ಅಂಗಳವನ್ನು ನೋಡುತ್ತ ನಿಂತಿದ್ದನು. ‘ಗಾಳಿಯಲ್ಲ ಅಂತ ನೀವು ಆಗಲೇ ಅಂದಿದ್ರಿ. ನಾವು ನಂಬಲಿಲ್ಲ, ಎಷ್ಟು ದೇವಸ್ಥಾನ ತಿರುಗಿದೆವು’ ಎಂದನು. ಮತ್ತೆ ಸುಮ್ಮನಿದ್ದು, ‘ಇನ್ನು ತಿರುಗೋದು ಬೇಡ’ ಎಂದು ಹೇಳಿ ಒಳಗೆ ಹೋದನು. ಅವನು ಕ್ಷಮಿಸಿದನೋ ಇಲ್ಲವೋ ನಾನರಿಯೆನು. ಕೇಳುವ ಅಧಿಕಾರವೂ ನನಗಿರಲಿಲ್ಲ. ಕಾಫಿಯನ್ನು ಮಾತ್ರ ತಂದುಕೊಟ್ಟನು.

ಮಗಳು ಮುಂದಿನ ಮೆಟ್ಟಿಲಿನ ಓದಿಗೆಂದು ಬೆಂಗಳೂರಿಗೆ ಹೋದಳು. ಮಹಡಿಯ ಕೋಣೆಯ ಕಾಗದಗಳನ್ನು ನಾನು ತೆಗೆಸಲಿಲ್ಲ. ಅವುಗಳಲ್ಲಿ ಒಂದನ್ನು ಬಿಡಿಸಿಕೊಂಡು ಬಂದು, ನನ್ನ ಚಿಕಿತ್ಸಾಲಯದಲ್ಲಿ ಗ್ಲೂಕೋಸ್ ಸೀಸೆಗಳಿರುವ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ‘ಥಾಲಿ ಕೊಟ್ಟ ಫಣಿಯಪ್ಪ ನಕ್ಕ’ ಎಂದು ಅದರ ಮೇಲಿದೆ. ಕೆಳಗೆ ಮಗಳ ಅಕ್ಷರದಲ್ಲಿ ‘ಮೊದಲು ಥಯಮಿನ್’ ಎಂದಿದೆ. ಹೊಸದಾಗಿ ಬಂದ ದಾದಿಯರು ಓದಿ ನಗುವರು. ಫಣಿಯಪ್ಪನೆಂದರೆ ಯಾರೆಂದು ಕೇಳುವರು. ನಾನು ಕುರ್ಚಿಯನ್ನು ತೋರಿಸಿ ಕುಳಿತುಕೊಳ್ಳಹೇಳಿ, ಕಥೆಯನ್ನು ಮೊದಲಿನಿಂದ ಹೇಳುವೆನು.